ರಾತ್ರಿ ಎರಡು ಗಂಟೆಗೆ ಬೇಸ್‌ಮೆಂಟಿಗೆ ನೀರು ನುಗ್ಗಿದರೆ ಯಾರು ಏನು ಮಾಡಬೇಕು?

ರಾತ್ರಿ ಎರಡು ಗಂಟೆ. ಜೋರು ಮಳೆ. ರಸ್ತೆಯ ಮೋರಿ ಉಕ್ಕಿ, ನೀರು ಗೇಟು ದಾಟಿ ಬೇಸ್‌ಮೆಂಟಿನ ಇಳಿಜಾರಿನಲ್ಲಿ ಇಳಿಯುತ್ತಿದೆ. ಆ ಹೊತ್ತಿಗೆ ಎಚ್ಚರವಾಗಿರುವವರು ಒಬ್ಬರೇ, ಗೇಟಿನಲ್ಲಿ ಕೂತ ಸೆಕ್ಯುರಿಟಿ. ಅವರು ಬೆಂಗಳೂರಿಗೆ ಬಂದು ಮೂರು ತಿಂಗಳಾಗಿರಬಹುದು. ಊರು ಅಸ್ಸಾಮೋ ಒಡಿಶಾವೋ. ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಅಧ್ಯಕ್ಷರ ಫೋನ್ ಸೈಲೆಂಟಿನಲ್ಲಿದೆ. ಎಲೆಕ್ಟ್ರಿಷಿಯನ್ ಸಂಜೆ ಆರಕ್ಕೇ ಮನೆಗೆ ಹೋಗಿದ್ದಾನೆ. ಕರೆಂಟಿನ ಮೇನ್ ಸ್ವಿಚ್ ಇರುವ ಪ್ಯಾನೆಲ್ ರೂಮಿನ ಬೀಗದ ಕೈ ಎಲ್ಲಿದೆ ಅಂತ ಗೊತ್ತಿರುವುದು ಅವನಿಗೆ ಮಾತ್ರ.

ಈಗ ಮೊದಲು ಏನು ಮಾಡಬೇಕು? ಈ ಪ್ರಶ್ನೆಗೆ ಮೊದಲೇ ಬರೆದಿಟ್ಟ ಉತ್ತರಕ್ಕೆ ವಿಪತ್ತು ಸಿದ್ಧತಾ ಯೋಜನೆ ಅಂತ ಹೆಸರು. ಹೆಸರು ದೊಡ್ಡದು, ವಿಷಯ ಅಷ್ಟು ದೊಡ್ಡದಲ್ಲ.

ಇದರ ಮಾತು ಈಚೆಗೆ ಯಾಕೆ ಜಾಸ್ತಿ ಆಗಿದೆ ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರ ನಗರದಲ್ಲಿ 24 ಗಂಟೆಯಲ್ಲಿ 131.6 ಮಿಲಿಮೀಟರ್ ಮಳೆ ಬಂತು. ಸರ್ಜಾಪುರ ರಸ್ತೆ, ಯಮಲೂರು ಕಡೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ಬೋಟಿನಲ್ಲಿ ಹೊರಗೆ ತರಬೇಕಾಯಿತು. ಯಲಹಂಕದ ಕೇಂದ್ರೀಯ ವಿಹಾರಕ್ಕೆ 2021ರ ನವೆಂಬರಿನಲ್ಲಿ ನೀರು ನುಗ್ಗಿತ್ತು. 2024ರ ಅಕ್ಟೋಬರಿನಲ್ಲಿ ಮತ್ತೆ ನುಗ್ಗಿತು. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟ್ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟಿನ ನೀರು ಹೊರಹಾಕುತ್ತಿದ್ದಾಗ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು. ಒಬ್ಬ 12 ವರ್ಷದ ಹುಡುಗ.

ಮೊದಲು ಒಂದೆರಡು ಪದ

ಅಪಾಯ ಬೇರೆ, ಅನಾಹುತ ಬೇರೆ. ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ ಅಂದುಕೊಳ್ಳಿ. ಅದು ಅಪಾಯ. ಪಕ್ಕದಲ್ಲಿ ಸ್ಟೂಲ್ ಇದೆ, ಮಗು ಅದರ ಮೇಲೆ ಹತ್ತಬಲ್ಲದು. ಅದು ನಮ್ಮ ಕಡೆಯ ಕೊರತೆ. ಎರಡೂ ಸೇರಿದ ಗಳಿಗೆಯಲ್ಲಿ ಅನಾಹುತ. ಎಣ್ಣೆ ಕಾಯಿಸುವುದನ್ನು ಬಿಡಲಾಗದು, ಸ್ಟೂಲನ್ನು ಪಕ್ಕಕ್ಕೆ ಇಡಬಹುದು. ಅಪಾರ್ಟ್‌ಮೆಂಟಿನಲ್ಲಿ ಮಳೆ ಅನ್ನುವುದು ಎಣ್ಣೆ. ಬೇಸ್‌ಮೆಂಟಿನಲ್ಲಿ ನೆಲಮಟ್ಟಕ್ಕೇ ಕೂರಿಸಿದ ಮೇನ್ ಪ್ಯಾನೆಲ್ ಅನ್ನುವುದು ಸ್ಟೂಲ್.

ಇದು ಸಂಘದ ಕೆಲಸ ಹೇಗೆ? ಕರ್ನಾಟಕದಲ್ಲಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅಂತ ಒಂದಿದೆ. ಅದರ ಪ್ರಕಾರ ಫ್ಲ್ಯಾಟ್ ನಿಮ್ಮದು. ಮೆಟ್ಟಿಲು, ಲಿಫ್ಟ್, ಸಂಪ್, ಟೆರೇಸ್, ಬೇಸ್‌ಮೆಂಟಿನಂಥ ಜಾಗಗಳಲ್ಲಿ ಎಲ್ಲರಿಗೂ ಒಡೆಯಲಾಗದ ಪಾಲು. ಆ ಎಲ್ಲರ ಪರವಾಗಿ ನೋಡಿಕೊಳ್ಳಲಿಕ್ಕೇ ಸಂಘ ಇರುವುದು. ಅನಾಹುತ ಶುರುವಾಗುವುದೂ ಹೆಚ್ಚಾಗಿ ಈ ಎಲ್ಲರ ಜಾಗದಲ್ಲೇ.

ಸರ್ಕಾರ ಇಲ್ಲವೇ ಅಂದರೆ, ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿ ರಾಷ್ಟ್ರ, ರಾಜ್ಯ, ಜಿಲ್ಲೆ ಮೂರೂ ಹಂತದಲ್ಲಿ ಪ್ರಾಧಿಕಾರಗಳಿವೆ. ಅಗ್ನಿಶಾಮಕ ದಳ ಇದೆ, ರಾಜ್ಯ ವಿಪತ್ತು ಸ್ಪಂದನಾ ಪಡೆ (ಎಸ್‌ಡಿಆರ್‌ಎಫ್) ಇದೆ. ಆದರೆ ಊರಿಗೆಲ್ಲ ಒಂದೇ ರಾತ್ರಿ ನೀರು ನುಗ್ಗಿದಾಗ ಅವರು ನಿಮ್ಮ ಗೇಟಿಗೆ ಬರಲು ಹೊತ್ತು ಹಿಡಿಯುತ್ತದೆ. ಆ ನಡುವಿನ ಹೊತ್ತು ನಿಮ್ಮದು. ಯೋಜನೆ ಬೇಕಾಗಿರುವುದು ಅಷ್ಟಕ್ಕೆ.

ನೀರು ನಮ್ಮಲ್ಲಿಗೇ ಯಾಕೆ ಬರುತ್ತದೆ?

ಬೆಂಗಳೂರು ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ನದಿ ಪಕ್ಕದ ಊರಲ್ಲ. ಆದರೂ ಮುಳುಗುತ್ತದೆ. ಕಾರಣ ಅದರ ಇಳಿಜಾರು. ಊರಿನ ನೀರು ಮುಖ್ಯವಾಗಿ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಅನ್ನುವ ಮೂರು ಕಣಿವೆಗಳಲ್ಲಿ ಇಳಿದುಹೋಗುತ್ತದೆ. ಹಿಂದಿನವರು ಈ ಇಳಿಜಾರಿನ ಉದ್ದಕ್ಕೂ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಈಗ ಎಷ್ಟೋ ಕಡೆ ಕೆರೆ ಇಲ್ಲ, ಕಾಲುವೆ ಕಿರಿದಾಗಿದೆ. ಇಳಿಜಾರು ಮಾತ್ರ ಹಾಗೇ ಇದೆ. ನೀರು ತನ್ನ ಹಳೆಯ ದಾರಿ ಮರೆಯುವುದಿಲ್ಲ.

ಹಾಗಾಗಿ ಸಂಘದ ಮೊದಲ ಕೆಲಸ ಒಂದು ಭಾನುವಾರ ಬೆಳಿಗ್ಗೆಯದು. ನಮಗಿಂತ ಮೇಲೆ ಯಾವ ಕೆರೆ ಇದೆ? ಅದರ ಕೋಡಿ ಎಲ್ಲಿ? ಅಲ್ಲಿಂದ ಬರುವ ಕಾಲುವೆ ನಮ್ಮ ಕಾಂಪೌಂಡಿಗೆ ಎಷ್ಟು ಹತ್ತಿರ? ಕಂದಾಯ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆ ನಂಬರ್ ಹಿಡಿದು ಹಳೆಯ ಗ್ರಾಮ ನಕ್ಷೆ ನೋಡಿದರೆ ಕೆರೆ, ಕಾಲುವೆ ಎಲ್ಲಿದ್ದವು ಅಂತ ತಿಳಿಯುತ್ತದೆ. ಅಲ್ಲೇ ಹಳೇ ಕಾಲದಿಂದ ಇರುವ ಹೂವಿನ ಅಂಗಡಿಯವರನ್ನೋ ಹಾಲು ಹಾಕುವವರನ್ನೋ ಕೇಳಿದರೂ ಗೊತ್ತಾಗುತ್ತದೆ, ಅದು ಇನ್ನೂ ಬೇಗ.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. 2022ರ ಆ ದಿನದ 131.6 ಮಿಲಿಮೀಟರ್ ಮಳೆ ಒಂದು ಎಕರೆಗೆ ಸುರಿದದ್ದು ಸುಮಾರು 5.3 ಲಕ್ಷ ಲೀಟರ್. ಬೇಸಿಗೆಯಲ್ಲಿ ನಾವು ದುಡ್ಡು ಕೊಟ್ಟು ತರಿಸುತ್ತೇವಲ್ಲ, 6,000 ಲೀಟರಿನ ಟ್ಯಾಂಕರು, ಅಂಥವು 88. ಐದು ಎಕರೆಯ ಬಡಾವಣೆಗೆ 440 ಟ್ಯಾಂಕರು. ಇದು ನಿಮ್ಮ ನೆಲದ ಮೇಲೇ ಬಿದ್ದ ನೀರು. ಮೇಲಿನ ಕೆರೆಯಿಂದ ಬರುವುದು ಬೇರೆ.

ಬೇಸ್‌ಮೆಂಟಿನಲ್ಲಿ ನಿಂತ ನೀರನ್ನು ಪಂಪ್ ಇಟ್ಟು ತೆಗೆಯುತ್ತೇವೆ ಅನ್ನುವವರಿಗೆ ಇನ್ನೊಂದು ಲೆಕ್ಕ. ಒಂದು ಎಕರೆ ಬೇಸ್‌ಮೆಂಟಿನಲ್ಲಿ ಒಂದು ಅಡಿ ನೀರು ಅಂದರೆ ಸುಮಾರು 12.3 ಲಕ್ಷ ಲೀಟರ್. ನಿಮಿಷಕ್ಕೆ 500 ಲೀಟರ್ ಎತ್ತುವ ಪಂಪ್ ಒಂದೇ ಸಮನೆ ಓಡಿದರೆ 41 ಗಂಟೆ. ಹಾಗಾಗಿ ದುಡ್ಡು ಹಾಕುವುದಾದರೆ ಮೊದಲು ಇಳಿಜಾರಿನ ತಲೆಗೆ ಹಾಕಿ. ಅಲ್ಲಿ ರಸ್ತೆಗಿಂತ ಎತ್ತರದ ಒಂದು ಉಬ್ಬು ಇರಬೇಕು. ಎರಡೂ ಗೋಡೆಗೆ ಹಲಗೆ ಸಿಕ್ಕಿಸುವ ಕಬ್ಬಿಣದ ಚಾನೆಲ್ ಕೂರಿಸಿಟ್ಟರೆ ಬೇಕಾದಾಗ ಹಲಗೆ ಇಳಿಸಿ ಅಡ್ಡ ಕಟ್ಟಬಹುದು. ಮರಳಿನ ಮೂಟೆ ಆಮೇಲೆ.

ಮರೆತುಹೋಗುವ ಇನ್ನೊಂದು ದಾರಿ ಇದೆ. ಹೊರಗಿನ ಮೋರಿ ತುಂಬಿದಾಗ ನಿಮ್ಮ ಪೈಪಿನಲ್ಲೇ ನೀರು ಹಿಂದಕ್ಕೆ ಬರುತ್ತದೆ. ಗೇಟು ಕಟ್ಟಿ ಕೂತಿರುತ್ತೀರಿ, ನೀರು ಒಳಗಿನ ಚೇಂಬರಿನಿಂದ ಉಕ್ಕುತ್ತದೆ. ಒಂದೇ ಕಡೆಗೆ ತೆರೆಯುವ ಬಾಗಿಲಿನ ಹಾಗೆ ಕೆಲಸ ಮಾಡುವ ನಾನ್ ರಿಟರ್ನ್ ವಾಲ್ವ್ ಇದನ್ನು ತಡೆಯುತ್ತದೆ. ಎಸ್‌ಟಿಪಿ, ಅಂದರೆ ಕೊಳಚೆನೀರು ಶುದ್ಧ ಮಾಡುವ ಘಟಕ, ಇರುವ ಕಡೆ ಉಕ್ಕುವುದು ಬರೀ ಮಳೆನೀರಲ್ಲ, ಅಲ್ವಾ? ಅದು ಕುಡಿಯುವ ನೀರಿನ ಸಂಪಿಗೆ ಸೇರಿದರೆ ಕಥೆ ಮುಗಿಯಿತು. ಸಂಪಿನ ಬಾಯಿ ನೆಲದ ಮಟ್ಟದಲ್ಲಿದ್ದರೆ ಎರಡು ಸಾಲು ಇಟ್ಟಿಗೆ ಕಟ್ಟಿ ಎತ್ತರಿಸಿ. 2022ರಲ್ಲಿ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪಿಂಗ್ ಸ್ಟೇಷನ್ನಿಗೇ ನೀರು ನುಗ್ಗಿ ನಗರದ ಹಲವು ಕಡೆ ಕಾವೇರಿ ನೀರು ನಿಂತುಹೋಗಿತ್ತು. ಸುತ್ತಲೂ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ.

ಕರೆಂಟ್: ಇದನ್ನು ಎರಡು ಸಲ ಓದಿ

ನೀರು ನುಗ್ಗಿದಾಗ ಜನ ಮೊದಲು ಓಡುವುದು ಕಾರು ತೆಗೆಯಲಿಕ್ಕೆ. ಮಳೆ ಜೋರಾದ ಕೂಡಲೇ, ನೆಲ ಒಣಗಿರುವಾಗಲೇ ತೆಗೆದರೆ ಸರಿ. ನೀರು ನಿಂತ ಮೇಲೆ ಬೇಸ್‌ಮೆಂಟಿಗೆ ಯಾರೂ ಇಳಿಯಬಾರದು. ಕರೆಂಟ್ ತೆಗೆದಿದೆ ಅಂತ ಖಾತ್ರಿ ಆಗುವ ತನಕ ಪಂಪ್ ಇಡಲಿಕ್ಕೂ ಇಳಿಯಬಾರದು.

ಇಲ್ಲೊಂದು ಬಲೆ ಇದೆ. ಬೆಸ್ಕಾಂ ಕರೆಂಟ್ ಹೋದ ಕೂಡಲೇ ಕೆಲವು ಸೆಕೆಂಡಿನಲ್ಲಿ ಜನರೇಟರ್ ತಾನಾಗಿ ಶುರುವಾಗುತ್ತದೆ, ನೋಡಿದ್ದೀರಿ. ಅದನ್ನು ಶುರು ಮಾಡುವುದು ಎಎಂಎಫ್ ಪ್ಯಾನೆಲ್ ಅನ್ನುವ ಪೆಟ್ಟಿಗೆ. ಮೇನ್ ಸಪ್ಲೈ ಇಲ್ಲ ಅಂತ ಗೊತ್ತಾದರೆ ಸಾಕು, ಜನರೇಟರಿಗೆ 'ನಡಿ' ಅನ್ನುತ್ತದೆ. ಅದಕ್ಕೆ ನೀರು ಬಂದಿರುವುದು ಗೊತ್ತಿಲ್ಲ. ಯಾರೋ ಗಾಬರಿಯಲ್ಲಿ ಮೇನ್ ಆಫ್ ಮಾಡಿ 'ಕರೆಂಟ್ ತೆಗೆದೆ, ಬನ್ನಿ' ಅಂತ ಕೂಗಿದರೆ, ಹತ್ತು ಹದಿನೈದು ಸೆಕೆಂಡಿಗೆ ಅದೇ ನೀರಿಗೆ ಜನರೇಟರಿನ ಕರೆಂಟ್ ಬಂದು ನಿಂತಿರುತ್ತದೆ.

ಆದ್ದರಿಂದ ಕ್ರಮ ಹೀಗಿರಬೇಕು. ಮೊದಲು ಲಿಫ್ಟುಗಳನ್ನು ಮೇಲಿನ ಮಹಡಿಗೆ ಕಳಿಸಿ, ಒಳಗೆ ಯಾರೂ ಇಲ್ಲ ಅಂತ ನೋಡಿ ನಿಲ್ಲಿಸುವುದು. ಯಾಕೆಂದರೆ ನೀರು ಮೊದಲು ತುಂಬುವುದು ಲಿಫ್ಟಿನ ಗುಂಡಿಗೆ. ಆಮೇಲೆ ಜನರೇಟರನ್ನು ಆಟೋದಿಂದ ಆಫ್‌ಗೆ ತಿರುಗಿಸುವುದು. ಕೊನೆಗೆ ಮೇನ್ ಆಫ್. ಟ್ರಾನ್ಸ್‌ಫಾರ್ಮರ್ ಮುಳುಗುವ ಹಾಗಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಹೊರಗಿನಿಂದಲೇ ಲೈನ್ ತೆಗೆಸುವುದು. ಪ್ಯಾನೆಲ್ ರೂಮಿನಲ್ಲಿ ಆಗಲೇ ನೀರಿದ್ದರೆ ಒಳಗೆ ಹೋಗುವ ಮಾತೇ ಇಲ್ಲ, ನೇರವಾಗಿ 1912. ಇಷ್ಟನ್ನು ನಿಮ್ಮ ಎಲೆಕ್ಟ್ರಿಷಿಯನ್ ಪ್ರತಿ ಪಾಳಿಯ ಒಬ್ಬರಿಗೆ ಕೈ ಹಿಡಿದು ತೋರಿಸಿಕೊಟ್ಟಿರಬೇಕು. ಗೊತ್ತಿಲ್ಲದವರು ಸ್ವಿಚ್ ಮುಟ್ಟುವುದು ಬೇಡ.

ಮೇನ್ ಆಫ್ ಆದರೂ ಜೀವ ಇರುವ ತಂತಿಗಳು ಉಳಿದಿರಬಹುದು. ಟೆರೇಸಿನ ಸೋಲಾರ್, ಮನೆಯವರ ಯುಪಿಎಸ್, ಕಾರು ಚಾರ್ಜ್ ಮಾಡಲಿಕ್ಕೆ ಅಂತ ಮನೆಯ ಮೀಟರಿನಿಂದ ಬೇಸ್‌ಮೆಂಟಿಗೆ ಎಳೆದ ವೈರು. ಇವು ಎಲ್ಲೆಲ್ಲಿವೆ ಅನ್ನುವ ಪಟ್ಟಿ ಬೇಕು. ನೀರು ಇಳಿದ ಮೇಲೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ನೋಡಿ ಹೇಳುವ ತನಕ ಮೇನ್ ಹಾಕುವಂತಿಲ್ಲ.

ಬೆಂಕಿ ಅಂದರೆ ಮೊದಲು ಹೊಗೆ

ಹಳೇ ಅಡುಗೆಮನೆಯ ಹೊಗೆಗೂಡು ನೆನಪಿದೆಯಾ? ಬಿಸಿ ಹೊಗೆ ಮೇಲಕ್ಕೆ ಹೋಗಲು ದಾರಿ ಹುಡುಕುತ್ತದೆ. ಎತ್ತರದ ಕಟ್ಟಡದಲ್ಲಿ ಲಿಫ್ಟ್ ಓಡಾಡುವ ಶಾಫ್ಟು, ವೈರು ಪೈಪುಗಳ ಶಾಫ್ಟು, ಬಾಗಿಲು ತೆರೆದಿಟ್ಟ ಮೆಟ್ಟಿಲು, ಎಲ್ಲವೂ ಹೊಗೆಗೂಡುಗಳೇ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಆದದ್ದು ಇದೇ. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. 9 ಜನ ತೀರಿಕೊಂಡರು. ಅದು ಆಫೀಸುಗಳ ಕಟ್ಟಡ. ಹೊಗೆಗೆ ಆಫೀಸು, ಮನೆ ಅನ್ನುವ ಭೇದ ಇಲ್ಲ.

ಮೆಟ್ಟಿಲಿಗೆ ಹಾಕಿರುವ ಭಾರದ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದು ಇದಕ್ಕಾಗಿ. ನಾವು ಗಾಳಿ ಬರಲಿ ಅಂತ ಅದಕ್ಕೆ ಇಟ್ಟಿಗೆ ಅಡ್ಡ ಇಡುತ್ತೇವೆ. ಮೆಟ್ಟಿಲಿನಲ್ಲಿ ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ಲು, ಹಳೇ ಹಾಸಿಗೆ. ಕರೆಂಟ್ ಹೋಗಿ, ಹೊಗೆ ತುಂಬಿ, ಕೈಯಲ್ಲಿ ಮಗು ಇದ್ದಾಗ ಆ ಸೈಕಲ್ ಏನು ಮಾಡುತ್ತದೆ ಅಂತ ಒಮ್ಮೆ ಊಹಿಸಿ.

ಬೆಂಕಿ ಪಂಪಿನ ವಿಷಯ ಕಮಿಟಿಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಆ ಕೆಂಪು ಪೈಪುಗಳಲ್ಲಿ ಯಾವಾಗಲೂ ಒತ್ತಡದಲ್ಲಿ ನೀರು ತುಂಬಿರಬೇಕು. ಒತ್ತಡ ಸ್ವಲ್ಪ ಇಳಿದರೆ ಜಾಕಿ ಪಂಪ್ ಅನ್ನುವ ಸಣ್ಣ ಪಂಪ್ ಓಡಿ ಸರಿ ಮಾಡುತ್ತದೆ. ಜಾಸ್ತಿ ಇಳಿದರೆ ದೊಡ್ಡ ಪಂಪ್ ಶುರುವಾಗುತ್ತದೆ. ಎಲ್ಲೋ ಒಂದು ಕಡೆ ಸೋರಿಕೆ ಇದ್ದರೆ ಸಣ್ಣ ಪಂಪ್ ರಾತ್ರಿಯಿಡೀ ಹೊಡೆದುಕೊಳ್ಳುತ್ತದೆ. ಕರೆಂಟ್ ಬಿಲ್ ಏರುತ್ತದೆ, ಕೆಳಗಿನ ಮನೆಯವರಿಗೆ ಸದ್ದು. ಸೋರಿಕೆ ಹುಡುಕುವ ಬದಲು ಯಾರೋ ಪಂಪನ್ನು ಆಫ್ ಮಾಡುತ್ತಾರೆ. ಅದು ಹಾಗೇ ಉಳಿಯುತ್ತದೆ. ಇವತ್ತೇ ಕೆಳಗೆ ಹೋಗಿ ನೋಡಿ, ಸ್ವಿಚ್ ಆಟೋದಲ್ಲಿದೆಯಾ ಅಂತ.

ನಾನಿರುವ ಕಟ್ಟಡದಲ್ಲಿ ಮೊದಲ ಸಲ ಬೆಂಕಿ ಆರಿಸುವ ಪೈಪ್ ಇಡುವ ಹೋಸ್ ಪೆಟ್ಟಿಗೆ ತೆಗೆದಾಗ ಒಳಗೆ ಸಿಕ್ಕಿದ್ದು ಒಂದು ಪೊರಕೆ, ಎರಡು ಫಿನಾಯಿಲ್ ಬಾಟಲಿ. ಪೈಪಿನ ತುದಿಗೆ ಹಾಕುವ ಹಿತ್ತಾಳೆ ನಾಜಲ್ ಇರಲಿಲ್ಲ. ಗುಜರಿಯವರ ತಕ್ಕಡಿ ಏರಿರಬೇಕು. ಆವತ್ತೇ ಬೆಂಕಿ ಬಿದ್ದಿದ್ದರೆ, ಬೆಂಕಿ ಬಿದ್ದಾಗ ಬಾವಿ ತೋಡಿದ ಗಾದೆ ನಮ್ಮದೇ ಆಗುತ್ತಿತ್ತು.

ಗೋಡೆಗೆ ತೂಗಿಸಿದ ಕೆಂಪು ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿರಬೇಕು. ಪಿನ್ ಎಳೆದು, ಉರಿಯ ಬುಡಕ್ಕೆ ಗುರಿ ಇಟ್ಟು, ಹಿಡಿ ಒತ್ತಿ, ಪೊರಕೆ ಆಡಿಸಿದ ಹಾಗೆ ಆಚೆ ಈಚೆ ಆಡಿಸಬೇಕು. ಅದು ಅರ್ಧ ನಿಮಿಷವೂ ಬರುವುದಿಲ್ಲ. ಅಷ್ಟರಲ್ಲಿ ಆರದಿದ್ದರೆ ಬಾಗಿಲು ಎಳೆದುಕೊಂಡು ಹೊರಗೆ ಬಂದುಬಿಡಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಗ್ಯಾಸ್ ಆಫ್ ಮಾಡಿ ತಟ್ಟೆ ಮುಚ್ಚಿ.

ಬಾಲ್ಕನಿಯ ಗ್ರಿಲ್ ಬಗ್ಗೆಯೂ ಒಂದು ಮಾತು. ಕಳ್ಳರಿಗೆ, ಪಾರಿವಾಳಕ್ಕೆ ಅಂತ ಪೂರ್ತಿ ಮುಚ್ಚುತ್ತೇವೆ. ಹೊರಗಿನಿಂದ ಏಣಿ ಹಾಕಿದರೂ ಒಳಗಿನವರು ಬರಲಾಗದು. ಗ್ರಿಲ್ ಬೇಕೇ ಬೇಕು ಅಂದರೆ ಒಳಗಿನಿಂದ ತೆರೆಯುವ ಒಂದು ಸಣ್ಣ ಬಾಗಿಲು ಇಡಿಸಿ. ಅದರ ಬೀಗದ ಕೈ ಬಾಲ್ಕನಿಯಲ್ಲೇ ಇರಲಿ.

ಯಾರಿಗೆ ಹೆಗಲು ಬೇಕು?

ಎಲ್ಲರೂ ಮೆಟ್ಟಿಲು ಇಳಿಯುತ್ತಾರೆ ಅಂತ ಯೋಜನೆ ಬರೆಯುವುದು ಸುಲಭ. ಏಳನೇ ಮಹಡಿಯಲ್ಲಿ ಮೊಣಕಾಲು ಆಪರೇಷನ್ ಆದ ಅಜ್ಜಿ ಇರುತ್ತಾರೆ. ಮಕ್ಕಳು ಅಮೆರಿಕದಲ್ಲಿ, ಇಲ್ಲಿ ಇಬ್ಬರೇ ಇರುವ ಹಿರಿಯರು ಇರುತ್ತಾರೆ. ಯಾರಿಗೋ ಆಕ್ಸಿಜನ್ ಮಷಿನ್ ಬೇಕು, ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಯಾರಿಗೋ ಅಲಾರಂ ಕೇಳಿಸುವುದಿಲ್ಲ.

ಇವರ ಪಟ್ಟಿ ಬೇಕು, ಮತ್ತು ಪ್ರತಿ ಮನೆಗೆ ಅದೇ ಮಹಡಿಯ ಇಬ್ಬರು ನೆರೆಯವರ ಹೆಸರು ಜೊತೆಯಾಗಿರಬೇಕು. ಇಬ್ಬರು ಯಾಕೆ ಅಂದರೆ ಒಬ್ಬರು ಊರಿಗೆ ಹೋಗಿರುತ್ತಾರೆ. ಆರೋಗ್ಯದ ವಿಷಯವಾದ್ದರಿಂದ ಈ ಪಟ್ಟಿ ವಾಟ್ಸ್ಆ್ಯಪ್ ಗ್ರೂಪಿಗೆ ಹೋಗಬಾರದು. ಮನೆಯವರ ಒಪ್ಪಿಗೆ ಪಡೆದು, ಒಂದು ಪ್ರತಿ ಗೇಟಿನ ಬೀಗದ ಪೆಟ್ಟಿಗೆಯಲ್ಲಿ, ಇನ್ನೊಂದು ಕಾರ್ಯದರ್ಶಿ ಹತ್ತಿರ ಇದ್ದರೆ ಸಾಕು.

ಲೆಕ್ಕಕ್ಕೆ ಬರದವರೂ ಇದ್ದಾರೆ. ಹಗಲು ಹೊತ್ತು ಕೆಲಸಕ್ಕೆ ಬರುವ ಅಕ್ಕಂದಿರು, ಬೇಸ್‌ಮೆಂಟಿನ ರೂಮಿನಲ್ಲಿ ಮಲಗುವ ಹೌಸ್‌ಕೀಪಿಂಗ್ ಹುಡುಗರು, ಡ್ರೈವರುಗಳು. ನೀರು ಮೊದಲು ತಲುಪುವುದು ಬೇಸ್‌ಮೆಂಟಿನಲ್ಲಿ ಮಲಗಿದವರನ್ನು. ಮಳೆಗಾಲದಲ್ಲಾದರೂ ಅಲ್ಲಿ ಯಾರನ್ನೂ ಮಲಗಿಸಬಾರದು ಅನ್ನುವುದು ನನ್ನ ಅಭಿಪ್ರಾಯ.

ಸೇರುವ ಜಾಗ ಎರಡು ಬೇಕು. ಬೆಂಕಿಗೆ ಕೆಳಗೆ, ನೀರಿಗೆ ಮೇಲೆ. ಕೆಳಗಿನ ಜಾಗ ಫೈರ್ ಇಂಜಿನ್ ಬಂದು ನಿಲ್ಲುವ ದಾರಿಯಲ್ಲಿ ಇರಬಾರದು.

ಒಂದೇ ಹಾಳೆ

ನಲವತ್ತು ಪುಟದ ಫೈಲ್ ಮಾಡಿಸಿ ಆಫೀಸಿನ ಬೀರುವಿನಲ್ಲಿ ಇಡುವ ಸಂಘಗಳಿವೆ. ರಾತ್ರಿ ಎರಡು ಗಂಟೆಗೆ ಆ ಬೀರುವಿಗೆ ಬೀಗ. ಗೇಟಿನ ಗೋಡೆಗೆ ಅಂಟಿಸಲು ಒಂದೇ ಹಾಳೆ ಬೇಕು, ದಪ್ಪ ಅಕ್ಷರದಲ್ಲಿ, ಲ್ಯಾಮಿನೇಟ್ ಮಾಡಿಸಿ. ಅದನ್ನು ಓದುವವರು ಸೆಕ್ಯುರಿಟಿಯವರು. ಹಾಗಾಗಿ ಅವರಿಗೆ ಬರುವ ಭಾಷೆಯಲ್ಲಿರಬೇಕು. ಕನ್ನಡದ ಪಕ್ಕ ಹಿಂದಿಯೋ ಅಸ್ಸಾಮಿಯೋ ಒಡಿಯಾವೋ ಇರಲಿ. ಸ್ವಿಚ್ಚುಗಳ ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ಹಾಳೆಯಲ್ಲಿ ನಂಬರುಗಳು: ಎಲ್ಲ ತುರ್ತಿಗೆ 112, ಬೆಂಕಿಗೆ 101, ಆಂಬುಲೆನ್ಸಿಗೆ 108, ಬೆಸ್ಕಾಂ 1912, ಮೋರಿ ಉಕ್ಕಿದರೆ ಪಾಲಿಕೆಯ 1533. ಆಮೇಲೆ ಕಟ್ಟಡದೊಳಗೆ ಎಬ್ಬಿಸಬೇಕಾದ ಮೂವರ ಹೆಸರು, ಫ್ಲ್ಯಾಟ್ ನಂಬರ್ ಸಮೇತ. ಫೋನ್ ಎತ್ತದಿದ್ದರೆ ಬಾಗಿಲು ಬಡಿಯಬೇಕಲ್ಲ. ಯಾವ ಬೀಗದ ಕೈಗೆ ಯಾವ ಬಣ್ಣ. ಪೈಪ್ ಗ್ಯಾಸಿನ ಮೇನ್ ವಾಲ್ವ್ ಎಲ್ಲಿದೆ. ಮತ್ತು ಒಂದು ಸಾಲು: 'ಯಾರನ್ನೂ ಕೇಳದೆ 112ಕ್ಕೆ ಫೋನ್ ಮಾಡುವ ಅಧಿಕಾರ ನಿಮಗಿದೆ.' ಈ ಸಾಲು ಸುಮ್ನೆ ಬರೆದದ್ದಲ್ಲ. ಬೈಸಿಕೊಳ್ಳುವ ಹೆದರಿಕೆಯಲ್ಲಿ ಸೆಕ್ಯುರಿಟಿಯವರು ಹತ್ತು ನಿಮಿಷ ಕಾಯುತ್ತಾರೆ.

ಗ್ರೂಪಿನಲ್ಲಿ ಸುದ್ದಿ ಹಾಕುವವರು ಒಬ್ಬರೇ ಇರಲಿ. ಇನ್ನೂರು ಜನ 'ಏನಾಯ್ತು?' ಅಂತ ಕೇಳಿದರೆ ನಿಜವಾದ ಸೂಚನೆ ಮೇಲಕ್ಕೆ ಹೋಗಿಬಿಡುತ್ತದೆ. ನೆಟ್‌ವರ್ಕ್ ಹೋದಾಗ ಒಂದು ಕೈ ಮೈಕು, ನಾಲ್ಕು ಸೀಟಿ, ನಾಲ್ಕು ಟಾರ್ಚು ಬೇಕು. ಮಳೆ ಸುಳಿವಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಬೆಂಗಳೂರು ಮೇಘ ಸಂದೇಶ ಆ್ಯಪ್ ಇದೆ. ರಾತ್ರಿ ಪಾಳಿಯ ಫೋನಿನಲ್ಲೂ ಅದು ಇರಲಿ.

ದುಡ್ಡು, ವಿಮೆ

ತಿಂಗಳ ಮೇಂಟೆನೆನ್ಸ್ ದುಡ್ಡಿನಲ್ಲಿ ಹಾಳೆ, ಟಾರ್ಚು, ಸೀಟಿ ಬರುತ್ತವೆ. ಪ್ಯಾನೆಲ್ ಎತ್ತರಿಸುವುದು, ವಾಲ್ವ್ ಹಾಕಿಸುವುದು ಸಂಘ ದೊಡ್ಡ ಖರ್ಚಿಗೆ ಕೂಡಿಟ್ಟ ಕಾರ್ಪಸ್ ಫಂಡಿನ ಕೆಲಸ, ಸಾಮಾನ್ಯ ಸಭೆಯ ಒಪ್ಪಿಗೆ ಬೇಕಾಗುತ್ತದೆ. ಲಿಫ್ಟ್, ಪಂಪ್, ಜನರೇಟರಿನಂಥ ಎಲ್ಲರ ಆಸ್ತಿಗೆ ಸಂಘದ ಹೆಸರಿನಲ್ಲಿ ವಿಮೆ ಇದೆಯಾ, ಅದರಲ್ಲಿ ಪ್ರವಾಹ ಸೇರಿದೆಯಾ ನೋಡಿ. ಮನೆಯ ಒಳಗಿನದಕ್ಕೆ 2021ರಿಂದ ವಿಮಾ ಕಂಪನಿಗಳು ಒಂದೇ ಮಾದರಿಯಲ್ಲಿ ಕೊಡುವ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಬೇಡಿ. ಎಂಜಿನ್ನಿಗೆ ನೀರು ಎಳೆದುಕೊಂಡು ಕೆಟ್ಟರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದ ಪಾಲಿಸಿಯಲ್ಲಿ ದುಡ್ಡು ಸಿಗುವುದು ಕಷ್ಟ.

ಡ್ರಿಲ್

ಮೊದಲ ಡ್ರಿಲ್ ಕೆಡುತ್ತದೆ. ಎಲ್ಲಿ ಕೆಡುತ್ತದೆ ಅಂತ ನೋಡಲಿಕ್ಕೇ ಅದನ್ನು ಮಾಡುವುದು. ನಮ್ಮಲ್ಲಿ ಅಲಾರಂ ಹೊಡೆದಾಗ ಅರ್ಧ ಜನ ಹೊರಗೇ ಬರಲಿಲ್ಲ. ದಿನಾ ಹೊಡೆಯುತ್ತದಲ್ಲ ಅಂದುಕೊಂಡರು. ಬಂದವರಲ್ಲಿ ಎಷ್ಟೋ ಜನ ಲಿಫ್ಟಿನಲ್ಲಿ ಬಂದರು. ಬೀಗದ ಕೈ ಗೊಂಚಲಿನಲ್ಲಿ 31 ಕೈಗಳಿದ್ದವು, ಒಂದಕ್ಕೂ ಚೀಟಿ ಇರಲಿಲ್ಲ. ಹತ್ತಿರದ ಅಗ್ನಿಶಾಮಕ ಠಾಣೆಗೆ ಪತ್ರ ಬರೆದು ಕೇಳಿಕೊಂಡರೆ ಅವರೇ ಬಂದು ತೋರಿಸಿಕೊಡುವುದುಂಟು. ಅವರಿಗೂ ನಿಮ್ಮ ಗೇಟಿನ ಅಗಲ, ಒಳಗಿನ ತಿರುವು ನೋಡಿದ ಹಾಗೆ ಆಗುತ್ತದೆ. ವರ್ಷಕ್ಕೆ ಎರಡು ಸಲ ಮಾಡಿ, ಒಂದು ಮಳೆಗಾಲಕ್ಕೆ ಮುಂಚೆ. ಒಂದನ್ನಾದರೂ ಕತ್ತಲಾದ ಮೇಲೆ ಮಾಡಿ.

ಕಮಿಟಿ ಬದಲಾದಾಗ ಹಳಬರು ಹೊಸಬರಿಗೆ ಲೆಕ್ಕದ ಪುಸ್ತಕ, ಬ್ಯಾಂಕಿನ ಕಾಗದ ಕೊಡುತ್ತಾರೆ. ಅದೇ ದಿನ ಇಬ್ಬರೂ ಒಟ್ಟಿಗೆ ಬೇಸ್‌ಮೆಂಟಿಗೆ ಇಳಿದು ಮೇನ್ ಎಲ್ಲಿ, ಜನರೇಟರಿನ ಸ್ವಿಚ್ ಎಲ್ಲಿ, ಬೆಂಕಿ ಪಂಪ್ ಆಟೋದಲ್ಲಿದೆಯಾ ಅಂತ ನೋಡಿ ಬರಬೇಕು. ನಮ್ಮಲ್ಲಿ ಹೋದ ಸಲ ಅದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಪ್ಯಾನೆಲ್ ರೂಮಿನ ಬಾಗಿಲಿಗೆ ಅಡ್ಡ ನಿಲ್ಲಿಸಿದ್ದ ಬೈಕ್ ಯಾರದು ಅಂತ ಹುಡುಕುವುದಕ್ಕೇ ಹೋಯಿತು.